ಮಾತು ಬರುವ, ಅಂಕ ತೆಗೆಯುವ ಮಗಳಿಗೆ ಆಟಿಸಂ ಮೌಲ್ಯಮಾಪನ: ನನ್ನ ಅನುಭವ

ಮಾತು ಬರುವ, ತರಗತಿಯಲ್ಲಿ ಮೊದಲ ಸಾಲಿನಲ್ಲಿ ತೆಪ್ಪಗೆ ಕೂರುವ ಹೆಣ್ಣುಮಗುವನ್ನು ಆಟಿಸಂ (ಒಡನಾಟ, ಮಾತುಕತೆ, ಸದ್ದು-ಸ್ಪರ್ಶದ ಅನುಭವ ಬೇರೆಯಾಗಿರುವ ಬೆಳವಣಿಗೆ) ಮೌಲ್ಯಮಾಪನಕ್ಕೆ ಕರೆದೊಯ್ದರೆ ಏನಾಗುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಡಾಕ್ಟರ ಮುಂದೆ ನಮಸ್ಕಾರ ಮಾಡುತ್ತಾಳೆ, ಹೆಸರು ಹೇಳುತ್ತಾಳೆ, ಮಗ್ಗಿ ಒಪ್ಪಿಸುತ್ತಾಳೆ. ಹದಿನೈದು ನಿಮಿಷದಲ್ಲಿ "ಏನೂ ಇಲ್ಲಮ್ಮ, ಚೂಟಿಯಾಗಿದ್ದಾಳೆ" ಎಂದು ಹೇಳಿ ಕಳಿಸುತ್ತಾರೆ. ದಾವಣಗೆರೆಯಲ್ಲಿ ನಮಗೆ ಮೊದಲು ಆದದ್ದೂ ಅದೇ. ಏಳುನೂರು ರೂಪಾಯಿ ಹೋಯಿತು.

ಬೆಂಗಳೂರಿನ ಒಂದು ಖಾಸಗಿ ಕೇಂದ್ರದ ಪ್ಯಾಕೇಜು ಹದಿಮೂರೋ ಹದಿನಾಲ್ಕೋ ಸಾವಿರ. ಹೋಗಿಬರುವ ಖರ್ಚು, ಊಟ, ವಸತಿ ಬೇರೆ. ಐಕ್ಯು ಪರೀಕ್ಷೆ ಮಾಡಿ, ಪ್ರಶ್ನಾವಳಿಯೊಂದನ್ನು ನನ್ನ ಕೈಗೆ ಕೊಟ್ಟು ತುಂಬಿಸಿಕೊಂಡರು. ವರದಿಯಲ್ಲಿ ಆತಂಕದ ಸಮಸ್ಯೆ ಎಂದಿತ್ತು. ಎರಡನೆಯ ಪುಟದಲ್ಲಿ ನನ್ನ ಮಗಳು ಗಂಡು ಹುಡುಗನಾಗಿಬಿಟ್ಟಿದ್ದಳು. ಬೇರೆ ಯಾರದೋ ವರದಿಯ ಸಾಲುಗಳನ್ನು ಹಾಗೆಯೇ ಇಳಿಸಿದ್ದರು. ಆ ಕಾಗದವನ್ನು ಇವತ್ತಿಗೂ ಎಸೆದಿಲ್ಲ. ಮತ್ತೊಬ್ಬರು ಮೌಲ್ಯಮಾಪನವೇ ಬೇಡ, ಥೆರಪಿ ಶುರು ಮಾಡೋಣ, ಸೆಷನ್‌ಗೆ ಆರುನೂರು ಎಂದರು. ನಾನು ಎದ್ದು ಬಂದೆ.

ಅಷ್ಟರಲ್ಲಿ ಮನೆಯಲ್ಲಿ ಎಲ್ಲರೂ ಸೋತಿದ್ದರು. "ಇಲ್ಲದ ರೋಗವನ್ನು ಮಗುವಿನ ಹಣೆಗೆ ಯಾಕೆ ಅಂಟಿಸುತ್ತೀಯಮ್ಮ" ಎಂದು ಅತ್ತೆ ಕೇಳಿದರು. ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬುವುದಿಲ್ಲ ಎಂದಾದ ಮೇಲೆ ದಾಖಲೆ ಮಾಡುವುದೊಂದೇ ದಾರಿ ಎಂದು ನಾನು ತೀರ್ಮಾನಿಸಿದೆ. ಇನ್ನೂರು ಪುಟದ ನೋಟ್‌ಬುಕ್ ತಂದು ನಾಲ್ಕು ಕಾಲಂ ಎಳೆದೆ: ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಅವಳು ಏನು ಮಾಡಿದಳು, ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು. ಅದರಲ್ಲಿ ಹಠ, ಕೋಪ, ಸಂಕೋಚ ಎಂಬ ಪದಗಳು ಬರಲೇಕೂಡದು, ಕಣ್ಣಿಗೆ ಕಂಡದ್ದು ಮಾತ್ರ. ಒಂದು ದಿನದ್ದು ಹೀಗಿದೆ: "ಸಂಜೆ 4.40. ಆಟೋ ಬರಲಿಲ್ಲ, ಅಪ್ಪ ಬೈಕ್ ತಂದರು. ಶಾಲೆಯ ಗೇಟಿನ ಕಂಬಿ ಹಿಡಿದು ನಿಂತಳು. ಮಾತಿಲ್ಲ. ಬೈಕ್ ಹತ್ತಿದ್ದು 5.15ಕ್ಕೆ. ಮನೆಗೆ ಬಂದು ಮಂಚದ ಕೆಳಗೆ ಮಲಗಿದಳು."

ನಡುವೆ ಪರೀಕ್ಷೆಗಳನ್ನೂ ಮಾಡಿದೆ. ಎಲ್ಲದಕ್ಕೂ ಟಿವಿ, ಮೊಬೈಲೇ ಕಾರಣ ಎನ್ನುವವರಿದ್ದರು. ಬೇಸಿಗೆ ರಜೆಯ ಹೆಚ್ಚುಕಡಿಮೆ ಎರಡು ತಿಂಗಳು ಎರಡನ್ನೂ ಬಂದ್ ಮಾಡಿದೆ. ಅವಳ ಮಾತು ಕಾರ್ಟೂನಿನ ಡಬ್ಬಿಂಗ್ ಕನ್ನಡ, "ಅಮ್ಮಾ, ನನಗೆ ತುಂಬಾ ಹಸಿವಾಗುತ್ತಿದೆ, ದಯವಿಟ್ಟು ಏನಾದರೂ ಕೊಡುವಿರಾ?" ಎಂದೇ ಕೇಳುತ್ತಾಳೆ. ಎಷ್ಟು ಶುದ್ಧ ಕನ್ನಡ ಎಂದು ನೆಂಟರು ಮೆಚ್ಚುತ್ತಿದ್ದರು. ರಜೆ ಮುಗಿದರೂ ಅದು ಕಿಂಚಿತ್ತೂ ಬದಲಾಗಲಿಲ್ಲ. ಕುಕ್ಕರ್ ವಿಷಲ್‌ದು ಇನ್ನೊಂದು ಪರೀಕ್ಷೆ. ಮುಂಚೆ ಹೇಳಿ ಇಟ್ಟ ದಿನ ಕಿವಿ ಮುಚ್ಚಿಕೊಂಡರೂ ಕೂತಲ್ಲೇ ಇರುತ್ತಿದ್ದಳು, ಹೇಳದ ದಿನ ಹಿತ್ತಲಿಗೆ ಓಡುತ್ತಿದ್ದಳು. ಅದನ್ನೂ ಬರೆದೆ. ಯೂನಿಫಾರ್ಮಿನ ಕಾಲರಿನ ಲೇಬಲ್ ಕತ್ತರಿಸಿದ ವಾರದಿಂದ ಬೆಳಗಿನ ರಗಳೆ ಅರ್ಧಕ್ಕೆ ಇಳಿಯಿತು.

ದೊಡ್ಡ ಮಕ್ಕಳನ್ನು ಕರೆದೊಯ್ದರೂ ಮನಶ್ಶಾಸ್ತ್ರಜ್ಞರು ಎರಡು ಮೂರು ವರ್ಷದವರಿದ್ದಾಗ ಹೇಗಿದ್ದರು ಎಂದು ಕೇಳಿಯೇ ಕೇಳುತ್ತಾರೆ. ತಾಯಿ ಕಾರ್ಡಿನಲ್ಲಿ ತೂಕ, ಲಸಿಕೆ ಇರುತ್ತದೆಯೇ ಹೊರತು ಇದು ಇರುವುದಿಲ್ಲ. ನಾನು ಹೋದದ್ದು ಫೋಟೊ ಸ್ಟುಡಿಯೋಗೆ. ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ವಿಡಿಯೊ ಮಾಡಿಸಿದ್ದೆವು. ಹಾಡು ಹಾಕಿ ಎಡಿಟ್ ಮಾಡಿದ ಸಿಡಿ ಇದಕ್ಕೆ ಬರುವುದಿಲ್ಲ, ಕತ್ತರಿಸದ ಮೂಲ ವಿಡಿಯೊ ಬೇಕು. ಸ್ಟುಡಿಯೋದವರು ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ಐನೂರು ರೂಪಾಯಿಗೆ ಕೊಟ್ಟರು. ಅದರಲ್ಲಿ ಇಪ್ಪತ್ತು ಜನ ಚಪ್ಪಾಳೆ ತಟ್ಟುತ್ತ ಹೆಸರು ಹಿಡಿದು ಕೂಗುತ್ತಾರೆ. ಮಗು ಒಂದು ಸಲವೂ ತಿರುಗುವುದಿಲ್ಲ, ಬಲೂನಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ನೋಡುತ್ತಿರುತ್ತದೆ. ಬೆಂಗಳೂರಿನ ಆ ಪ್ರಶ್ನಾವಳಿ ಹೇಳದ್ದನ್ನು ಈ ಮೂರು ನಿಮಿಷ ಹೇಳಿತು ಎಂದು ಧೈರ್ಯವಾಗಿ ಹೇಳುತ್ತೇನೆ. ಮನೆಯ ಈಚಿನ ವಿಡಿಯೊಗಳನ್ನೂ ಜೊತೆಗಿಟ್ಟೆ. ಅವನ್ನು ತೆಗೆಯುವಾಗ ಮೊಬೈಲ್ ಎಲ್ಲಿಟ್ಟಿದ್ದೆ ಎಂದು ಬರೆಯುವುದಿಲ್ಲ; ಮಗಳು ಇದನ್ನು ಓದಿಬಿಡುತ್ತಾಳೆ. ಕ್ಲಾಸ್ ಟೀಚರಿಂದ ಎರಡು ಪುಟ ಹೇಗೆ ಬರೆಸಿಕೊಂಡೆ ಎಂಬುದೂ ನನ್ನಲ್ಲೇ ಇರಲಿ.

ಇಷ್ಟನ್ನೂ ಫೈಲ್ ಮಾಡಿಕೊಂಡು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರೈಲು ಹತ್ತಿದೆವು. ಶ್ರವಣ, ಮಾತು, ಮನಶ್ಶಾಸ್ತ್ರ ಮೂರೂ ವಿಭಾಗಗಳು ಒಂದೇ ಆವರಣದಲ್ಲಿರುವುದು ದೂರದಿಂದ ಬರುವವರಿಗೆ ದೊಡ್ಡ ಅನುಕೂಲ. ಶುಲ್ಕ ಬೆಂಗಳೂರಿನ ಪ್ಯಾಕೇಜಿನ ಹತ್ತನೆಯ ಒಂದು ಭಾಗವೂ ಆಗಲಿಲ್ಲ, ಖರ್ಚಾದದ್ದು ಲಾಡ್ಜಿಗೆ. ಆಟಿಸಂ ಎಷ್ಟಿದೆ ಎಂದು ಅಳೆಯಲು ನಮ್ಮ ದೇಶದಲ್ಲಿ ಬಳಸುವ ಇಸಾ (ISAA) ಮಾಪನದಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಪ್ರತಿ ಅಂಶಕ್ಕೂ ನೋಟ್‌ಬುಕ್ಕಿನ ಪುಟ ತೆರೆದು ತೋರಿಸಿದೆ. ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ, 106ರವರೆಗೆ ಸೌಮ್ಯ. ಅವಳದು ಎಂಬತ್ತರ ಆಸುಪಾಸು ಬಂತು.

ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ಆದರೂ ವರದಿಯೊಂದೇ ಸಾಲದು, ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಅರ್ಜಿ ಹಾಕಿ ಜಿಲ್ಲಾ ವೈದ್ಯಕೀಯ ಮಂಡಳಿಯ ಮುಂದೆ ಮತ್ತೆ ಹೋಗಬೇಕು. ಅಲ್ಲಿಗೂ ಅದೇ ಫೈಲ್ ಒಯ್ದೆ. ಕಾರ್ಡ್ ಬಂದ ಮೇಲೆ ಇಂಥ ಮಕ್ಕಳಿಗಾಗಿ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿದೆವು, ವರ್ಷಕ್ಕೆ ಒಂದು ಲಕ್ಷದವರೆಗೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಅಂಗವಿಕಲ ಅವಲಂಬಿತರಿಗಾಗಿ ಆದಾಯದಲ್ಲಿ ಸಿಗುವ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ) 75,000 ರೂಪಾಯಿ ಕಡಿತವನ್ನು ಬಿಡಬೇಡಿ. ಆಟಿಸಂಗೆ ಅದಕ್ಕೆಂದೇ ಬೇರೆ ಫಾರಂ ಬೇಕು (1961ರ ಕಾಯ್ದೆಯಡಿ 10-ಐಎ), ಪ್ರಮಾಣಪತ್ರ ಮಾಡಿಸುವಾಗಲೇ ಕೇಳಿಬಿಡಿ. ನೋಟ್‌ಬುಕ್ಕಿನ ಜೆರಾಕ್ಸ್ ಈಗ ಹರಿಹರದ ಒಬ್ಬ ತಾಯಿಯ ಬಳಿ ಇದೆ. ಅವರ ಮಗಳಿಗೆ ಏಳು ವರ್ಷ. ಕಾಲಂ ಎಳೆದು ಬರೆಯಲು ಆರಂಭಿಸಿದ್ದಾರೆ.