ತೂಕ, ಕೂಲಿ, ಭಾನುವಾರ: ಅಂಗಡಿಯಲ್ಲಿ ಕಲಿತ ವಿಧೇಯತೆ

ದೇವರಿಗೆ ವಿಧೇಯರಾಗಿರಬೇಕೆಂದು ನಮ್ಮ ಕ್ರೈಸ್ತ ಸಭೆಗಳಲ್ಲಿ ಪ್ರಸಂಗ ಮಾಡುವವರು ಸಾಮಾನ್ಯವಾಗಿ ದೇವರ ಮಾತಿನಂತೆ ಬಲಿ ಕೊಡಲು ಮಗನನ್ನು ಕರೆದುಕೊಂಡು ಮೊರೀಯ ಬೆಟ್ಟ ಹತ್ತಿದ ಅಬ್ರಹಾಮನನ್ನು ಉದಾಹರಿಸುತ್ತಾರೆ. ಅಂಥ ಕರೆ ನನಗೆ ಎಂದೂ ಬಂದಿಲ್ಲ. ಮಂಗಳೂರಿನಲ್ಲಿ ಒಂದು ಸಣ್ಣ ಬೇಕರಿ ನಡೆಸುವ ನನ್ನ ಪಾಲಿಗೆ ಬಂದಿರುವುದು ತಕ್ಕಡಿ, ಕೂಲಿ, ವಿಶ್ರಾಂತಿ ಇವುಗಳ ಕುರಿತಾದ ಆಜ್ಞೆಗಳು. ಅವು ಎಷ್ಟು ಸ್ಪಷ್ಟವಾಗಿವೆಯೆಂದರೆ ವ್ಯಾಖ್ಯಾನಕಾರರ ನೆರವೂ ಬೇಕಾಗುವುದಿಲ್ಲ. ತಮ್ಮ ಬದುಕಿನ ಕುರಿತು ದೇವರ ಚಿತ್ತವೇನೆಂದು ತಿಳಿಯುತ್ತಿಲ್ಲವೆಂದು ಕೊರಗುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಈಗಾಗಲೇ ತಿಳಿದಿರುವ ಆಜ್ಞೆಯೊಂದನ್ನು ಇವತ್ತು ಸಂಜೆಯೊಳಗೆ ಮಾಡಿ ಮುಗಿಸಿ, ಉಳಿದುದನ್ನು ನಾಳೆ ನೋಡೋಣ.

ಒಲೆ ಹೊತ್ತಿಸುವ ಮೊದಲು ಸತ್ಯವೇದದ ಒಂದು ಅಧ್ಯಾಯ ಓದಿ, ಅದರಲ್ಲಿ ಆ ದಿನ ಮಾಡಬಹುದಾದದ್ದು ಏನಾದರೂ ಸಿಕ್ಕರೆ ಅಂಗಡಿಯ ಕಚ್ಚಾ ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಎಷ್ಟೋ ದಿನ ಏನೂ ಸಿಗುವುದಿಲ್ಲ, ವಂಶಾವಳಿಗಳಿಂದ ಏನು ಬರೆದುಕೊಳ್ಳಲಾದೀತು! ಆದರೆ ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯವೆಂದು ಹೇಳುವ ಜ್ಞಾನೋಕ್ತಿ 11ನೆಯ ಅಧ್ಯಾಯ ಬಂದ ದಿನ ಬರೆದುಕೊಳ್ಳದೆ ಇರಲಾಗಲಿಲ್ಲ.

ನಾನು ಅಂಗಡಿ ತೆರೆದ ಕಾಲದಲ್ಲಿ ನಮ್ಮ ಬೀದಿಯಲ್ಲಿ ತಿಂಡಿಯನ್ನು ರಟ್ಟಿನ ಡಬ್ಬಿಯ ಸಮೇತ ತೂಗುವುದೇ ವಾಡಿಕೆಯಾಗಿತ್ತು. ಅರ್ಧ ಕೆಜಿಯ ಡಬ್ಬಿ ಸುಮಾರು 50 ಗ್ರಾಂ ತೂಗುತ್ತದೆ. ಕೆಜಿಗೆ 400 ರೂಪಾಯಿಯ ತಿಂಡಿಯಾದರೆ ಗಿರಾಕಿ 20 ರೂಪಾಯಿ ಕೊಟ್ಟು ಕೊಳ್ಳುವುದು ರಟ್ಟನ್ನು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇದಕ್ಕೆ ಉಪಾಯ ಇದ್ದೇ ಇದೆ: ಖಾಲಿ ಡಬ್ಬಿಯನ್ನು ತಟ್ಟೆಯ ಮೇಲಿಟ್ಟು 'ಟೇರ್' ಗುಂಡಿ ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ, ಆಮೇಲೆ ತುಂಬಿದ್ದಷ್ಟೇ ತೂಕ. ಹಾಗೆ ಮಾಡುವುದೆಂದು ನಿಶ್ಚಯಿಸಿ ಡಬ್ಬಿಯ ಖರ್ಚನ್ನು ದರದಲ್ಲೇ ಸೇರಿಸಿದೆ. ದರದ ಹಲಗೆ ನೋಡಿದ ಕೆಲವರು ಪಕ್ಕದ ಅಂಗಡಿಗೆ ಹೋದರು, ಏಕೆಂದರೆ ದರ ನೋಡುವಷ್ಟು ಜನ ತೂಕ ನೋಡುವುದಿಲ್ಲ. ವಿಧೇಯತೆಯಿಂದ ವ್ಯಾಪಾರ ಇಮ್ಮಡಿಯಾಗುತ್ತದೆಂದು ಸಾಕ್ಷಿ ಹೇಳುವವರ ಸಾಲಿನಲ್ಲಿ ನಿಲ್ಲಲು ನನಗೆ ಸಾಧ್ಯವಿಲ್ಲ. ಅದು ಇಮ್ಮಡಿಯಾಗಲಿಲ್ಲ, ನಿಂತೂ ಹೋಗಲಿಲ್ಲ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ತಿದ್ದಿದ್ದು ಒಂದನೆಯ ಸಮುವೇಲನ ಪುಸ್ತಕದ 15ನೆಯ ಅಧ್ಯಾಯದ ಅರಸ ಸೌಲನ ಪ್ರಸಂಗ. ಶತ್ರುಗಳಾದ ಅಮಾಲೇಕ್ಯರದ್ದು ಏನನ್ನೂ ಉಳಿಸದೆ ನಾಶಮಾಡಬೇಕೆಂದು ದೇವರ ಆಜ್ಞೆಯಿದ್ದರೂ ಅವರ ದನಕುರಿಗಳಲ್ಲಿ ಕೊಬ್ಬಿದ್ದನ್ನೆಲ್ಲ ಉಳಿಸಿಕೊಂಡು ಬಂದು, ಆಜ್ಞೆಯನ್ನು ನೆರವೇರಿಸಿದ್ದೇನೆಂದು ಅವನು ಹೇಳುತ್ತಿರುವಾಗಲೇ ಪ್ರವಾದಿ ಸಮುವೇಲನ ಕಿವಿಗೆ ಕುರಿಗಳ ಕೂಗು ಕೇಳಿಸುತ್ತದೆ; ಜನರು ಅವನ್ನು ಯಜ್ಞಕ್ಕಾಗಿ ಉಳಿಸಿದರೆಂದು ಸೌಲನ ಉತ್ತರ. ಯಜ್ಞಕ್ಕಿಂತ ಮಾತು ಕೇಳುವುದೇ ಮೇಲೆಂಬ ಪ್ರವಾದಿಯ ಮಾತು ಬರುವುದು ಇದಾದ ಮೇಲೆ. ವ್ಯಾಪಾರಿಗಳಾದ ನಮಗೆ ಈ ಉತ್ತರ ಚೆನ್ನಾಗಿ ಗೊತ್ತು: ವರ್ಷವಿಡೀ ತೂಕದಲ್ಲಿ ಉಳಿಸಿದ್ದನ್ನು ಸಭೆಯ ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಹಲಸಿನ ಹಣ್ಣಿಗೆ ಸಾವಿರಾರು ರೂಪಾಯಿ ಕೂಗಿ ದೇವರಿಗೇ ಕೊಟ್ಟೆವಲ್ಲ ಎಂದುಕೊಳ್ಳಬಹುದು. ತೂಕ ಸರಿಯಿರುವ ಅಂಗಡಿಯಿಂದ ಕಾಣಿಕೆ ಕಡಿಮೆ ಬಂದರೂ ಚಿಂತೆಯಿಲ್ಲವೆಂಬುದು ನನ್ನ ಅಭಿಪ್ರಾಯ, ಕಾಣಿಕೆಯ ಲೆಕ್ಕವಿಡುವವರು ಒಪ್ಪಲಿಕ್ಕಿಲ್ಲ.

ಕೂಲಿಯ ಆಜ್ಞೆ ಇದಕ್ಕಿಂತ ಕಷ್ಟದ್ದು. ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮೊದಲು ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡ 24ನೆಯ ಅಧ್ಯಾಯ ಹೇಳುತ್ತದೆ. ಡಿಸೆಂಬರಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ಕೆಲಸಕ್ಕೆ ಹೆಚ್ಚುವರಿ ಹೆಂಗಸರು ಬರುತ್ತಾರೆ; ಫೋರ್ಕಿನ ಬೆನ್ನಿಗೆ ಹಿಟ್ಟಿನ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಸುರುಳಿಯಾಗಿಸಿ, ಗೆರೆ ಗೆರೆಯಾಗಿ ಎದ್ದ ಕಿಡಿಯೊಗಳನ್ನು ಬೆಳಗಿನಿಂದ ಸಂಜೆಯವರೆಗೆ ತಟ್ಟೆ ತಟ್ಟೆ ತುಂಬಿಸುತ್ತಾರೆ. ಸಗಟು ಕೊಳ್ಳುವವರು ಹಣ ಕೊಡುವುದೋ ಜನವರಿಯಲ್ಲಿ. ಹೀಗಾಗಿ ಹಿಂದಿನ ರಾತ್ರಿ ಗಲ್ಲಾ ಎಣಿಸುವಾಗಲೇ ಮರುದಿನದ ಕೂಲಿಯನ್ನು ಬೇರೆ ತೆಗೆದಿಟ್ಟು, ಹಿಟ್ಟು ಸಕ್ಕರೆ ತರಲು ಹಣ ಸಾಲದೆ ಹೋದರೂ ಅದನ್ನು ಮುಟ್ಟದೆ ಇರುವ ಕ್ರಮ ಮಾಡಿಕೊಂಡೆ. ಕೂಲಿ ಉಳಿಸಿಕೊಂಡು ವ್ಯಾಪಾರಕ್ಕೆ ತಿರುಗಿಸುವುದು ಬಡ್ಡಿಯಿಲ್ಲದ ಸಾಲ. ಅದನ್ನು ಕೊಡುವವರು ಮಾತ್ರ ಸಾಲ ಕೊಡುವ ಸ್ಥಿತಿಯಲ್ಲಿರುವುದಿಲ್ಲ.

ಇದೆಲ್ಲ ಮಾಡಿ ರಕ್ಷಣೆ ಗಳಿಸುತ್ತೇನೆಂದು ಯಾರೂ ತಿಳಿಯಬಾರದು. ಕೃಪೆಯಿಂದಲೇ ರಕ್ಷಣೆಯೆಂದು ಎಫೆಸದವರಿಗೆ ಬರೆದ ಪೌಲನೇ, ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಸಲ್ಪಟ್ಟೆವೆಂದು ಅದರ ಬೆನ್ನಲ್ಲೇ ಬರೆಯುತ್ತಾನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿಗೆ ಬಂದ ಮೇಲೆ ಕ್ರಿಸ್ತನನ್ನು ನಂಬಿದ ನಮ್ಮ ಹಿರಿಯರಲ್ಲಿ ಅನೇಕರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡರು. ಅವರಿಗೆ ಕೆಲಸ ಕೊಡಲೆಂದೇ ಮಿಷನ್ನಿನವರು ನೇಯ್ಗೆಯನ್ನೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ಆರಂಭಿಸಬೇಕಾಯಿತು. ಅವರ ವಿಧೇಯತೆಗೆ ತೆತ್ತ ಬೆಲೆ ಅದು, ನನ್ನದು ಡಬ್ಬಿಗೆ 20 ರೂಪಾಯಿ.

ಇನ್ನು, ದೇವರ ಹೆಸರು ಹೇಳಿಕೊಂಡು ಬರುವ ಎಲ್ಲ ಅಪ್ಪಣೆಗೂ ತಲೆಬಾಗುವುದು ವಿಧೇಯತೆಯಲ್ಲ. ಪರಿಚಯದ ಮನೆಯೊಂದರಲ್ಲಿ ಸಂಚಾರಿ ಬೋಧಕರೊಬ್ಬರು ಸಕ್ಕರೆ ಕಾಯಿಲೆಯ ಔಷಧ ಬಿಡುವಂತೆ ದೇವರು ತಮಗೆ ತಿಳಿಸಿದ್ದಾನೆಂದು ಹೇಳಿದಾಗ, ಬಿಡಬೇಡಿರೆಂದು ನಾನು ಅಲ್ಲಿಯೇ ಹೇಳಿದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನೂ ಉಳಿದ ಅಪೊಸ್ತಲರೂ ಹೇಳಿದ್ದು ಧಾರ್ಮಿಕ ಅಧಿಕಾರಿಗಳ ಸಭೆಯ ಮುಂದೆಯೇ.

ಭಾನುವಾರದ ವಿಷಯದಲ್ಲಿ ನನಗೆ ಇಷ್ಟು ಖಚಿತತೆ ಇಲ್ಲ. 2023ರಲ್ಲಿ ಡಿಸೆಂಬರ್ 24 ಭಾನುವಾರವಾಗಿ, ವರ್ಷದ ಅತಿ ದೊಡ್ಡ ವ್ಯಾಪಾರದ ದಿನವೂ ಆರಾಧನೆಯ ದಿನವೂ ಒಂದೇ ಆದವು. ಸಭಾಪಾಲಕರನ್ನು ಕೇಳಿ, ಮನೆಯಲ್ಲಿ ಚರ್ಚಿಸಿ, ಆರಾಧನೆ ಮುಗಿದ ಮೇಲೆ ಬಾಗಿಲು ತೆರೆದೆವು. ಹಿರಿಯರಲ್ಲಿ ಕೆಲವರು ಒಪ್ಪಲಿಲ್ಲ. ಆದರೆ ವಿಮೋಚನಕಾಂಡ 20ನೆಯ ಅಧ್ಯಾಯದ ವಿಶ್ರಾಂತಿ ದಿನದ ಆಜ್ಞೆಯಲ್ಲಿ ದಾಸದಾಸಿಯರಿಗೂ ಅನ್ಯದೇಶದವರಿಗೂ ವಿಶ್ರಾಂತಿ ಹೇಳಿರುವುದರಲ್ಲಿ ಯಾವ ಗೊಂದಲವೂ ಇಲ್ಲ. ಆದ್ದರಿಂದ ನಮ್ಮಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವಾರಕ್ಕೊಂದು ದಿನ ಸಂಬಳಸಹಿತ ರಜೆ ಇದೆ. ಒಲೆಯ ಬಳಿಯಿರುವ ಮುಸ್ಲಿಮ್ ಹುಡುಗ ಶುಕ್ರವಾರವನ್ನು ಆರಿಸಿಕೊಂಡಿದ್ದಾನೆ, ಪ್ಯಾಕಿಂಗಿನ ಅಕ್ಕ ಸಂಕ್ರಾಂತಿ, ಭೂತಕೋಲಗಳನ್ನು ನೋಡಿಕೊಂಡು ದಿನ ಬದಲಿಸುತ್ತಾರೆ, ಡಿಸೆಂಬರಿನಲ್ಲೂ ಆ ಪಟ್ಟಿಯನ್ನು ನಾವು ರದ್ದು ಮಾಡುವುದಿಲ್ಲ.