ಪುಟ್ಟ ಮಕ್ಕಳ ಜೊತೆ ಹತ್ತಿರದಲ್ಲೇ ಸುತ್ತಾಟ: ಮೊದಲು ಹೊತ್ತು, ಆಮೇಲೆ ಜಾಗ

ರಜೆ ಬಂತೆಂದರೆ ಎಲ್ಲ ಅಪ್ಪ-ಅಮ್ಮಂದಿರೂ ಕೇಳುವುದು ಒಂದೇ: ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋದು? ಮಗುವಿಗೆ ಇನ್ನೂ ಐದು ತುಂಬಿಲ್ಲ ಅಂದರೆ ನಾನು ತಿರುಗಿ ಕೇಳುವುದು, ಮಧ್ಯಾಹ್ನ ಎಷ್ಟು ಗಂಟೆಗೆ ಮಲಗುತ್ತದೆ ಅಂತ. ಜಾಗ ಎಷ್ಟೇ ಚೆನ್ನಾಗಿರಲಿ, ನಿದ್ದೆಗೆಟ್ಟ ಮಗುವನ್ನು ಕರ್ಕೊಂಡು ಹೋದರೆ ಅಲ್ಲಿ ನಿಮಗೆ ನೋಡಲು ಸಿಗುವುದು ರಂಪ ಮಾತ್ರ. ಅದೇ ಮಗು ನಿದ್ದೆ ಮುಗಿಸಿ, ಹೊಟ್ಟೆ ತುಂಬಿಸಿಕೊಂಡು ಹೊರಟರೆ ಪಕ್ಕದ ಬೀದಿಯ ಖಾಲಿ ಸೈಟಿನಲ್ಲೂ ಒಂದು ಗಂಟೆ ಆರಾಮಾಗಿ ಆಡಿಕೊಂಡಿರುತ್ತದೆ.

ಹೊತ್ತಿನ ಲೆಕ್ಕ

ಒಂದೆರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಸಲಹೆಗಳಲ್ಲಿ ಈ ಲೆಕ್ಕ ಇದೆ. ಹಾಗಾಗಿ ಪ್ಲಾನ್ ಮಾಡುವಾಗ ನಿದ್ದೆಯಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಮಗು ಒಂದು ಗಂಟೆಗೆ ಮಲಗುತ್ತದೆ ಅಂತಿಟ್ಟುಕೊಳ್ಳಿ. ಊಟ ಹನ್ನೆರಡೂವರೆಗೆ. ಅಂದರೆ ಹನ್ನೆರಡಕ್ಕೆ ಮನೆಯಲ್ಲಿರಬೇಕು. ಬೆಳಿಗ್ಗೆ ಎದ್ದು, ತಿಂದು, ಬಟ್ಟೆ ಹಾಕಿಸಿಕೊಂಡು, ಹಾಕಿದ ಶೂ ಮತ್ತೆ ಬಿಚ್ಚಿ ಎಸೆದು, ಬಾಗಿಲು ದಾಟುವ ಹೊತ್ತಿಗೆ ಸರಿಯಾಗಿ ಸುಸ್ಸು ಬಂದು, ಅಂತೂ ಇಂತೂ ಹೊರಡುವಾಗ ಒಂಬತ್ತೂವರೆ ಆಗಿರುತ್ತದೆ. ಉಳಿದಿದ್ದು ಎರಡೂವರೆ ಗಂಟೆ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಬೇಕಾದರೆ ಆಟಕ್ಕೆ ಸಿಗುವುದು ಒಂದೇ ಗಂಟೆ. ಅದರಲ್ಲೂ ಅರ್ಧ ಟಿಕೆಟ್ ಸಾಲಿಗೆ ಹೋಗುತ್ತದೆ.

ಅದಕ್ಕೇ ನಾನು ಇಪ್ಪತ್ತು ನಿಮಿಷದೊಳಗೆ ತಲುಪುವ ಜಾಗಗಳ ಪರ. ದೂರದ ದೊಡ್ಡ ಜಾಗಗಳು ಎಲ್ಲೂ ಓಡಿಹೋಗುವುದಿಲ್ಲ, ಮಗು ಮಧ್ಯಾಹ್ನ ಮಲಗುವುದನ್ನು ಬಿಟ್ಟ ಮೇಲೆ ಧಾರಾಳವಾಗಿ ಹೋಗಬಹುದು.

ಬಿಸಿಲಿನ ಲೆಕ್ಕವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸೂರ್ಯನ ಅತಿನೇರಳೆ ಕಿರಣಗಳು ಜಾಸ್ತಿ. ಬೇಗ ಹೊರಟರೆ ಒಳ್ಳೆಯದು, ಆಗದಿದ್ದರೆ ನೆರಳಿರುವ ಜಾಗ ಹಿಡಿಯಿರಿ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ನೆರಳು, ಟೋಪಿ, ತೆಳುವಾದ ಉದ್ದ ತೋಳಿನ ಬಟ್ಟೆಯೇ ಸರಿ. ಸ್ಟ್ರೋಲರ್ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ. ನೋಡಲು ನೆರಳಿನ ಹಾಗೆ ಕಾಣುತ್ತದೆ, ಆದರೆ ಒಳಗೆ ಗಾಳಿ ಆಡದೆ ಸೆಖೆ ಏರುತ್ತದೆ.

ಮೊದಲ ಸಲ ಮಗುವನ್ನು ಬಿಟ್ಟು ಹೋಗಿ

ನಿಮ್ಮ ಏರಿಯಾದ ಯಾವುದೇ ಹೊಸ ಜಾಗಕ್ಕೆ ಮೊದಲು ನೀವೊಬ್ಬರೇ ಹೋಗಿ ಬನ್ನಿ. ಆಫೀಸಿನಿಂದ ಬರುವಾಗಲೋ ತರಕಾರಿ ತರಲು ಹೋದಾಗಲೋ ಹತ್ತು ನಿಮಿಷ ಸಾಕು. ಇಂಟರ್‌ನೆಟ್ಟಿನ ಫೋಟೋಗಳಲ್ಲಿ ಹೂವಿನ ಗಿಡ ಕಾಣುತ್ತದೆ, ಟಾಯ್ಲೆಟ್ಟಿಗೆ ಬೀಗ ಹಾಕಿರುವುದು ಕಾಣುವುದಿಲ್ಲ. ನೋಡಬೇಕಾದ್ದು ಇಷ್ಟು: ಟಾಯ್ಲೆಟ್ ಎಲ್ಲಿದೆ, ಅದರಲ್ಲಿ ನೀರು ಬರುತ್ತದಾ. ರಸ್ತೆ ಕಡೆಗೆ ಗೇಟ್ ಇದೆಯಾ, ಅದು ಮುಚ್ಚುತ್ತದಾ. ಕೂರಲು ನೆರಳಿದೆಯಾ, ನೀವು ಕೂತಲ್ಲಿಂದ ಆಟದ ಜಾಗ ಪೂರ್ತಿ ಕಾಣುತ್ತದಾ. ಸ್ಟ್ರೋಲರ್ ತಳ್ಳುವವರಾದರೆ ಮೆಟ್ಟಿಲು ಎಷ್ಟಿವೆ. ಜೋಕಾಲಿ, ಜಾರುಬಂಡೆಗಳ ಕೆಳಗೆ ಏನಿದೆ ಅನ್ನುವುದನ್ನಂತೂ ಬಗ್ಗಿ ನೋಡಿ. ಮರಳು, ಮರದ ಚೂರು ಅಥವಾ ರಬ್ಬರ್ ಹಾಸು ಇದ್ದರೆ ಪರವಾಗಿಲ್ಲ. ಕಾಂಕ್ರೀಟ್ ಇದ್ದರೆ, ಮೇಲಿನ ಬಣ್ಣ ಎಷ್ಟೇ ಹೊಸದಿರಲಿ, ಬೇರೆ ಜಾಗ ನೋಡಿಕೊಳ್ಳಿ.

ಅಲ್ಲಿಗೆ ದಿನಾ ಬರುವವರನ್ನು ಮಾತಾಡಿಸಿ. ಮೊಮ್ಮಕ್ಕಳನ್ನು ಕರ್ಕೊಂಡು ಬರುವ ಅಜ್ಜ-ಅಜ್ಜಿಯರಿಗೆ, ಗುಡಿಸುವವರಿಗೆ, ವಾಚ್‌ಮನ್‌ಗೆ ಗೊತ್ತಿರುವುದು ಯಾವ ಆ್ಯಪಿಗೂ ಗೊತ್ತಿಲ್ಲ. ಎಷ್ಟು ಹೊತ್ತಿಗೆ ದೊಡ್ಡ ಹುಡುಗರು ಬಾಲ್ ಹಿಡ್ಕೊಂಡು ಬರುತ್ತಾರೆ, ಯಾವ ದಿನ ಹುಲ್ಲು ಕತ್ತರಿಸುತ್ತಾರೆ, ಯಾವ ಮೂಲೆಯಲ್ಲಿ ನಾಯಿ ಮರಿ ಹಾಕಿದೆ, ಎಲ್ಲ ಹೇಳುತ್ತಾರೆ. ಕೇಳಿದ್ದನ್ನು ಫೋನಿನಲ್ಲಿ ಒಂದು ಕಡೆ ಬರೆದಿಟ್ಟುಕೊಳ್ಳಿ. ಆ ಜಾಗಕ್ಕೆ ಹತ್ತಿರದ ಮಕ್ಕಳ ಡಾಕ್ಟರ್ ಅಥವಾ ಆಸ್ಪತ್ರೆ ಯಾವುದು ಅನ್ನುವುದನ್ನೂ ಸೇರಿಸಿ.

ಎಲ್ಲಿಗೆ ಹೋಗಬಹುದು

ಮಕ್ಕಳ ಜಾಗ ಅಂತ ಬೋರ್ಡ್ ಇರುವಲ್ಲಿಗೇ ಹೋಗಬೇಕಿಲ್ಲ. ಗಿಡ ಮಾರುವ ನರ್ಸರಿ, ಕೆರೆ ದಂಡೆ, ರೈಲು ಹೋಗುವುದು ಕಾಣುವ ಎತ್ತರದ ಜಾಗ, ಬೇಲಿಯಾಚೆ ನಿಂತು ನೋಡಬಹುದಾದ ಜೆಸಿಬಿ, ಎಲ್ಲವೂ ಆಗುತ್ತದೆ. ಬಸ್ಸಿನಲ್ಲಿ ಮೊದಲ ಸ್ಟಾಪಿನಿಂದ ಕೊನೆ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದರೂ ಎರಡು ವರ್ಷದ ಮಗುವಿಗೆ ಅದು ದೊಡ್ಡ ಟ್ರಿಪ್ಪೇ. ಲೈಬ್ರರಿಯಲ್ಲಿ ಮಕ್ಕಳ ಮೂಲೆ ಇದ್ದರೆ ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮ್ಯೂಸಿಯಮ್ಮಿಗೆ ಹೋದರೆ ಒಂದೇ ಕೋಣೆ ನೋಡಿ. ಟಿಕೆಟ್ ಕೊಟ್ಟಿದ್ದೇವೆ ಅಂತ ಎಲ್ಲ ಕೋಣೆಗೂ ಎಳೆದುಕೊಂಡು ಹೋಗುವ ಆಸೆ ನಮ್ಮದು, ಮಗುವಿನದ್ದಲ್ಲ.

ದುಡ್ಡು ಕೊಟ್ಟು ಆಡುವ ಒಳಾಂಗಣ ಆಟದ ಜಾಗಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಸದ್ದು ಜಾಸ್ತಿ, ದೊಡ್ಡ ಮಕ್ಕಳ ನೂಕಾಟ ಜಾಸ್ತಿ. ಹೋಗಲೇಬೇಕೆಂದರೆ ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಹೋಗಿ.

ಮಕ್ಕಳಿಗೆ ಆಡಲು ಏನು ಬೇಕು ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಡೆನ್ಮಾರ್ಕಿನ ಸಿ. ಟಿ. ಸೋರೆನ್ಸೆನ್ ಅನ್ನುವ ಉದ್ಯಾನ ವಿನ್ಯಾಸಕಾರ, ತಾನು ರೂಪಿಸಿದ ಅಚ್ಚುಕಟ್ಟಾದ ಆಟದ ಮೈದಾನಗಳಿಗಿಂತ ಕಟ್ಟಡದ ಕೆಲಸ ನಡೆಯುವ ಜಾಗಗಳಲ್ಲಿ, ಗುಜರಿ ಬಿದ್ದಿರುವ ಕಡೆ ಮಕ್ಕಳು ಹೆಚ್ಚು ಆಡುವುದನ್ನು ಗಮನಿಸಿದ್ದ. 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರೂಪ್‌ನಲ್ಲಿ ಅವನ ಕಲ್ಪನೆಯಂತೆ ಹಲಗೆ, ಇಟ್ಟಿಗೆ, ಹಳೆ ಸಾಮಾನು ತುಂಬಿದ ಆಟದ ಮೈದಾನವೇ ಶುರುವಾಯಿತು. ನಿಮ್ಮ ಮಗು ಉಯ್ಯಾಲೆ ಬಿಟ್ಟು ಕಡ್ಡಿ ಆರಿಸುತ್ತಾ ಕೂತರೆ ಟ್ರಿಪ್ ವೇಸ್ಟ್ ಆಯ್ತು ಅಂದುಕೊಳ್ಳಬೇಡಿ.

ಒಂದೂವರೆ ವರ್ಷದ ಮಗು ಇರುವೆ ಸಾಲು ನೋಡುವುದನ್ನು ಗಮನಿಸಿದ್ದೀರಾ? ಮೊದಲು ನಿಂತಲ್ಲೇ ಬಗ್ಗುತ್ತದೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಮೂಗು ನೆಲಕ್ಕೆ ತಾಗುವಷ್ಟು ಹತ್ತಿರ ಹೋಗಿ, ಒಂದು ಬೆರಳು ಮುಂದೆ ಚಾಚಿ, ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡು ನಿಮ್ಮ ಮುಖ ನೋಡುತ್ತದೆ. ಇರುವೆ ಗೋಡೆ ಬಿರುಕಿನೊಳಗೆ ಹೋದ ಮೇಲೂ ಅಲ್ಲೇ ಕಾಯುತ್ತದೆ. ಈ ಹೊತ್ತಿನಲ್ಲಿ ನೀವು 'ಬಾ ಬಾ, ಅಲ್ಲಿ ಬಾತುಕೋಳಿ ಇದೆ' ಅಂತ ಕೈ ಹಿಡಿದು ಎಳೆಯದಿದ್ದರೆ ಸಾಕು. ಬಾತುಕೋಳಿ ನಾಳೆಗೂ ಇರುತ್ತದೆ. ಕಚ್ಚುವ ಇರುವೆಯಾ ಅಂತ ಮಾತ್ರ ನೋಡಿಕೊಳ್ಳಿ.

ಸ್ಟ್ರೋಲರ್, ಕಾರ್ ಸೀಟ್, ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾರಿಯರ್, ಯಾವುದರಲ್ಲೇ ಆಗಲಿ ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬೇಡಿ. ಆಗಲೇ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲೇ ಇದೂ ಇದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು ಅಂತಲೂ ಇದೆ. ಕೇಳಲು ಹೆಚ್ಚು ಅನಿಸುತ್ತದೆ, ಆದರೆ ನಡೆಯುವುದು, ಹತ್ತುವುದು, ಬಿದ್ದು ಏಳುವುದು ಎಲ್ಲ ಸೇರಿ ಅಷ್ಟು. ಬಿಟ್ಟರೆ ಅವರೇ ಮಾಡಿಕೊಳ್ಳುತ್ತಾರೆ.

ಜಾರುಬಂಡೆ, ನೀರು, ಕಾರು

ಈ ಮೂರರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆಯಲ್ಲಿ ಜಾರಬೇಡಿ. ಹಾಗೆ ಮಾಡಿದರೇ ಸುರಕ್ಷಿತ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಗು ಒಂದೇ ಜಾರುವಾಗ ಶೂ ಅಂಚಿಗೆ ತಾಗಿದರೆ ಅದರ ಪುಟ್ಟ ತೂಕ ಅಲ್ಲೇ ನಿಲ್ಲುತ್ತದೆ, ಕಾಲು ಬಿಡಿಸಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ತೊಡೆ ಮೇಲಿದ್ದಾಗ ಶೂವಿನ ರಬ್ಬರ್ ಅಂಚಿಗೆ ಕಚ್ಚಿಕೊಂಡರೂ ಹಿಂದಿನಿಂದ ನಿಮ್ಮ ಅಷ್ಟೂ ತೂಕ ಕೆಳಕ್ಕೆ ನೂಕುತ್ತಲೇ ಇರುತ್ತದೆ. ಸಿಕ್ಕಿಕೊಂಡ ಕಾಲು ತಿರುಚಿ ಮೊಣಕಾಲಿನ ಕೆಳಗಿನ ಮೂಳೆ ಮುರಿಯಬಹುದು. ಮಗು ತಾನೇ ಹತ್ತಿ ತಾನೇ ಜಾರುವಷ್ಟು ಚಿಕ್ಕ ಜಾರುಬಂಡೆ ಹುಡುಕಿ, ನೀವು ಪಕ್ಕದಲ್ಲಿ ನಿಲ್ಲಿ. ಬಿಸಿಲಿದ್ದ ದಿನ ಮೊದಲು ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ಕಬ್ಬಿಣದ್ದಷ್ಟೇ ಅಲ್ಲ, ಪ್ಲಾಸ್ಟಿಕ್‌ನದ್ದೂ ಚರ್ಮ ಸುಡುವಷ್ಟು ಕಾಯುತ್ತದೆ.

ನೀರಿನ ಹತ್ತಿರ ಇದ್ದಾಗ ಮಗು ನಿಮ್ಮ ಕೈಗೆ ಎಟುಕುವಷ್ಟು ದೂರದಲ್ಲೇ ಇರಬೇಕು. ಕಣ್ಣಿಟ್ಟಿದ್ದೇನೆ ಅಂದರೆ ಸಾಲದು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ, ಸದ್ದೇ ಇಲ್ಲದೆ ಆಗಿಹೋಗುತ್ತದೆ. ಪುಟ್ಟ ಮಗುವಿಗೆ ಕೆಲವೇ ಸೆಂಟಿಮೀಟರ್ ನೀರೂ ಸಾಕು. ಹಾಗಾಗಿ ಅಲಂಕಾರದ ಕೊಳವೂ ಒಂದೇ, ಕೆರೆಯೂ ಒಂದೇ. ನಾಲ್ಕು ಜನ ದೊಡ್ಡವರಿದ್ದಾಗ ಅಪಾಯ ಇನ್ನೂ ಜಾಸ್ತಿ, ಯಾಕಂದ್ರೆ ಇನ್ನೊಬ್ಬರು ನೋಡ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಈ ಹದಿನೈದು ನಿಮಿಷ ನೀನು, ಆಮೇಲೆ ನಾನು ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಸರದಿ ಯಾರದ್ದೋ ಅವರ ಫೋನ್ ಬ್ಯಾಗಿನೊಳಗೆ ಇರಲಿ.

ಕಾರಿನಲ್ಲಿ ಮಲಗಿದ ಮಗುವನ್ನು 'ಎಬ್ಬಿಸೋದು ಬೇಡ, ಐದು ನಿಮಿಷದಲ್ಲಿ ಬಂದೆ' ಅಂತ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಬಿಡಬಹುದು, ಕಿಟಕಿ ಸ್ವಲ್ಪ ಇಳಿಸಿದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ನಿದ್ದೆ ಕೆಟ್ಟರೆ ಕೆಡಲಿ.

ದಾರಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ ಫೋನ್, ಪುಸ್ತಕ ಕೊಡಬೇಡಿ. ಕಿಟಕಿಯಾಚೆ ದೂರದ್ದನ್ನು ತೋರಿಸುತ್ತಾ ಹೋಗಿ. ಹೊರಡುವ ಮುಂಚೆ ಹೊಟ್ಟೆ ಬಿರಿಯ ತಿನ್ನಿಸುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ವರ್ಷದವರೆಗೆ ಈ ತೊಂದರೆ ಕಡಿಮೆ, ಅಲ್ಲಿಂದ ಹನ್ನೆರಡರವರೆಗೆ ಜಾಸ್ತಿ.

ಬ್ಯಾಗಿನಲ್ಲಿ

ಒಂದು ಜೊತೆ ಬಟ್ಟೆ ಮಗುವಿಗೆ, ಒಂದು ಟಾಪ್ ಅಥವಾ ಶರ್ಟ್ ನಿಮಗೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಮಗು ನಿಮ್ಮ ಹೆಗಲ ಮೇಲೆ ವಾಂತಿ ಮಾಡಿದರೆ ಆಮೇಲಿನ ಎರಡು ಗಂಟೆ ಅದೇ ವಾಸನೆಯಲ್ಲಿ ಓಡಾಡಬೇಕಾಗುತ್ತದೆ. ಒದ್ದೆ ಬಟ್ಟೆಗೆ ಕವರ್, ವೈಪ್ಸ್, ಡಯಾಪರ್, ಕುಡಿಯುವ ನೀರು, ಒಂದು ತೆಳು ಹೊದಿಕೆ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಸೆಖೆಯಿದ್ದರೆ ಹಾಲನ್ನೇ ಪದೇ ಪದೇ ಕೊಡಿ. ಸಣ್ಣ ಸೋಪಿನ ತುಂಡು ಇಟ್ಟುಕೊಳ್ಳಿ. ಕುರಿ, ಮೊಲ ಮುಟ್ಟಿದ ಮೇಲೆ ಸ್ಯಾನಿಟೈಸರ್ ಸಾಲದು, ಸೋಪು-ನೀರಲ್ಲೇ ಕೈ ತೊಳೆಸಬೇಕು. ಆಟಿಕೆ ಒಂದು ಸಾಕು. ತಿನ್ನಲು ಕೊಟ್ಟಾಗ ಕೂರಿಸಿ ತಿನ್ನಿಸಿ, ಓಡುತ್ತಾ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಡೀ ದ್ರಾಕ್ಷಿ, ಗಟ್ಟಿ ಬೀಜಗಳನ್ನು ಈ ವಯಸ್ಸಿನವರಿಗೆ ಕೊಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ.

ಜನಜಂಗುಳಿ ಇರುವ ಕಡೆ ಹೋಗುತ್ತಿದ್ದರೆ ಹೊರಡುವಾಗಲೇ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ, ತಲೆಯಿಂದ ಕಾಲಿನವರೆಗೆ. ಮಗು ಕಾಣಿಸದಿದ್ದಾಗ ಗಾಬರಿಯಲ್ಲಿ ಅಂಗಿ ಯಾವ ಬಣ್ಣದ್ದು ಅನ್ನುವುದೇ ಮರೆತುಹೋಗುತ್ತದೆ. ಅಂಗಿಯ ಒಳಮಡಿಕೆಯಲ್ಲಿ ನಿಮ್ಮ ಫೋನ್ ನಂಬರ್ ಬರೆದಿಡಿ. ಹೆಸರನ್ನು ಹೊರಗೆ ಕಾಣುವ ಹಾಗೆ ಬರೆಯುವುದು ಬೇಡ, ಯಾರು ಬೇಕಾದರೂ ಹೆಸರು ಹಿಡಿದು ಕರೆದಾರು. ಮೂರು ದಾಟಿದ ಮಕ್ಕಳಿಗೆ ಅಪ್ಪ-ಅಮ್ಮನ ಪೂರ್ತಿ ಹೆಸರು ಹೇಳಲು ಕಲಿಸಿ. ಕಳೆದುಹೋದರೆ ನಿಂತಲ್ಲೇ ನಿಲ್ಲು, ಮಕ್ಕಳ ಜೊತೆ ಇರುವ ಯಾರಾದರೂ ಅಮ್ಮನಿಗೆ ಹೇಳು ಅಂತಲೂ ಹೇಳಿಕೊಡಿ.

ಹೊರಡಿಸುವುದು

ಕರ್ಕೊಂಡು ಹೋಗುವುದು ಸುಲಭ, ವಾಪಸ್ ಹೊರಡಿಸುವುದೇ ಕಷ್ಟ. 'ಇನ್ನು ಐದು ನಿಮಿಷ' ಅಂದರೆ ಎರಡು ವರ್ಷದ ಮಗುವಿಗೆ ಅದೇನು ಗೊತ್ತಾಗುತ್ತದೆ ಹೇಳಿ. 'ಇನ್ನು ಮೂರು ಸಲ ಜಾರು, ಆಮೇಲೆ ಹೋಗೋಣ' ಅನ್ನಿ. ಒಂದು, ಎರಡು, ಮೂರು ಅಂತ ಜೊತೆಗೇ ಎಣಿಸಿ. ಮೂರು ಅಂದಿದ್ದು ಮೂರೇ ಆಗಬೇಕು, ಒಂದು ಸಲ ನಾಲ್ಕು ಕೊಟ್ಟರೆ ಮುಂದಿನ ಸಲದಿಂದ ಈ ಉಪಾಯ ನಡೆಯುವುದಿಲ್ಲ. ಮುಂದೆ ಮಾಡಲು ಒಂದು ಕೆಲಸವನ್ನೂ ಕೊಡಿ. ಜೋಕಾಲಿಗೆ ಟಾಟಾ ಹೇಳುವುದು, ನೀರಿನ ಬಾಟಲಿ ಹಿಡಿದುಕೊಳ್ಳುವುದು, ಗೇಟ್ ತಳ್ಳುವುದು, ಏನಾದರೂ ಸರಿ.

ಇಷ್ಟೆಲ್ಲಾ ಮಾಡಿದರೂ ಒಂದೊಂದು ದಿನ ರಚ್ಚೆ ಹಿಡಿಯುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಆಗ ಪಾಠ ಹೇಳುತ್ತಾ ನಿಲ್ಲಬೇಡಿ, ಸುಮ್ನೆ ಎತ್ತಿಕೊಂಡು ಹೊರಡಿ. ಸುತ್ತ ನೋಡುವವರು ನೋಡಲಿ, ಅವರ ಮನೆಯಲ್ಲೂ ಮಕ್ಕಳು ಬೆಳೆದಿರುತ್ತಾರೆ ಅಲ್ವಾ.

ಮನೆಗೆ ಬಂದು ಮಗು ಮಲಗಿದ ಮೇಲೆ ನೀವೂ ಮಲಗುವ ಮುಂಚೆ ಬ್ಯಾಗ್ ಒಂದು ಖಾಲಿ ಮಾಡಿಬಿಡಿ. ಒದ್ದೆ ಬಟ್ಟೆ ಒಗೆಯಲು ಹಾಕಿ, ಬೇರೆ ಜೊತೆ ಇಟ್ಟು, ಡಯಾಪರ್ ಎಣಿಸಿ ತುಂಬಿಸಿ ಬಾಗಿಲ ಹತ್ತಿರ ಇಡಿ. ನಾಳೆ ಬೆಳಿಗ್ಗೆ ಹೊರಡುವಾಗ ಅದೇ ಹದಿನೈದು ನಿಮಿಷ ಉಳಿಸುತ್ತದೆ.