ಎಪ್ಪತ್ತು ವರ್ಷ ಉಪವಾಸವಂತೆ! ಇಂಥ ಸುದ್ದಿ ಬಂದರೆ ಏನು ನೋಡಬೇಕು?

ನಮ್ಮ ಮನೆಯಲ್ಲಿ ಏಕಾದಶಿ ಬಂತೆಂದರೆ ಅಜ್ಜಿಗೆ ಉಪವಾಸ. ಬೆಳಿಗ್ಗೆ ಮೊಸರವಲಕ್ಕಿ, ಮಧ್ಯಾಹ್ನ ಎರಡು ಬಾಳೆಹಣ್ಣು, ಸಂಜೆ ಒಂದು ಲೋಟ ಬಿಸಿ ಹಾಲು, ರಾತ್ರಿ ಅವಲಕ್ಕಿ ಉಪ್ಪಿಟ್ಟು. ಅನ್ನ ಮುಟ್ಟುತ್ತಿರಲಿಲ್ಲ, ಅಷ್ಟೇ. ಯಾರಾದರೂ ಊಟಕ್ಕೆ ಕರೆದರೆ "ಇವತ್ತು ನಂದು ಉಪವಾಸ ಕಣಮ್ಮ" ಅನ್ನೋರು. ಅದೇನೂ ಸುಳ್ಳಲ್ಲ. ನಮ್ಮಲ್ಲಿ ಒಪ್ಪತ್ತೂ ಉಪವಾಸವೇ, ಫಲಾಹಾರವೂ ಉಪವಾಸವೇ, ತೊಟ್ಟು ನೀರೂ ಕುಡಿಯದೆ ಇರುವುದೂ ಉಪವಾಸವೇ.

ಹಾಗಾಗಿ ಇಂಥ ಸುದ್ದಿ ಕಣ್ಣಿಗೆ ಬಿದ್ದರೆ ಮೊದಲು ಮಾಡಬೇಕಾದ ಕೆಲಸ, ಯಾವ ಉಪವಾಸ ಅಂತ ಹುಡುಕುವುದು. ತಲೆಬರಹದಲ್ಲಿ ಇದು ಸಿಗುವುದಿಲ್ಲ, ನಾಲ್ಕನೇ ಐದನೇ ಪ್ಯಾರಾದಲ್ಲಿ ಎಲ್ಲೋ ಅವಿತುಕೊಂಡಿರುತ್ತದೆ. ಮಣಿಪುರದ ಇರೋಮ್ ಶರ್ಮಿಳಾ 2000ದಿಂದ 2016ರವರೆಗೆ ಉಪವಾಸ ಸತ್ಯಾಗ್ರಹ ಮಾಡಿದರು. "16 ವರ್ಷ ಉಪವಾಸ" ಅಂತ ಓದಿದವರಿಗೆ ಪವಾಡ ಅನ್ನಿಸಬಹುದು. ಆದರೆ ಅವರನ್ನು ಬಂಧನದಲ್ಲಿಟ್ಟು ಮೂಗಿನ ಕೊಳವೆಯಿಂದ ದ್ರವ ಆಹಾರ ಕೊಡುತ್ತಿದ್ದರು. ಅವರು ಅದನ್ನು ಮುಚ್ಚಿಟ್ಟಿರಲಿಲ್ಲ, ಫೋಟೋಗಳಲ್ಲೇ ಆ ಕೊಳವೆ ಕಾಣುತ್ತದೆ. ಅವರ ಹಟ ನಿಜ. ತಲೆಬರಹ ಮಾತ್ರ ಅರ್ಧ.

ಎರಡನೇ ಪ್ರಶ್ನೆ ನೀರಿನದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನೀರು ಕುಡಿದುಕೊಂಡು ಊಟ ಬಿಟ್ಟವರು ವಾರಗಟ್ಟಲೆ ಬದುಕಿದ್ದಾರೆ. ಲಾಹೋರ್ ಜೈಲಿನಲ್ಲಿ ಜತೀಂದ್ರನಾಥ ದಾಸ್ 1929ರಲ್ಲಿ 63 ದಿನ ಉಪವಾಸವಿದ್ದು ಪ್ರಾಣ ಬಿಟ್ಟರು. ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು 1952ರಲ್ಲಿ 58 ದಿನ. ಜೈನರ ದೀರ್ಘ ಉಪವಾಸಗಳಲ್ಲೂ ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ ಕಾಯಿಸಿದ ನೀರು ಕುಡಿಯುತ್ತಾರೆ. ಹಾಗಾಗಿ "30 ದಿನ ಉಪವಾಸ" ಅಂದರೆ ಅಪಾಯ, ಆದರೆ ಆಗದ ಮಾತೇನಲ್ಲ. ನೀರೂ ಇಲ್ಲ ಅಂದ ತಕ್ಷಣ ಕಥೆಯೇ ಬೇರೆ. ಸುಮ್ನೆ ಕೂತಿದ್ದರೂ ಉಸಿರು, ಚರ್ಮದ ಮೂಲಕ ದಿನಕ್ಕೆ ಮುಕ್ಕಾಲು ಲೀಟರ್ ಹತ್ತಿರ ನೀರು ಹೋಗುತ್ತದೆ, ಮೂತ್ರ ಬೇರೆ. ಕೆಲವು ದಿನಗಳಲ್ಲೇ ಕಿಡ್ನಿ ಕೈಕೊಡುತ್ತದೆ.

ಈಗ ಎಪ್ಪತ್ತು ವರ್ಷದ ಕಥೆಗೆ ಬರೋಣ. ಗುಜರಾತಿನ ಪ್ರಹ್ಲಾದ್ ಜಾನಿ, ಭಕ್ತರ ಬಾಯಲ್ಲಿ ಮಾತಾಜಿ. ಕೆಂಪು ಬಟ್ಟೆ, ಮೂಗುತಿ, ಉದ್ದ ಗಡ್ಡ. 1940ರಿಂದ ಅನ್ನ ನೀರು ಎರಡೂ ಇಲ್ಲ ಅನ್ನುತ್ತಿದ್ದರು. ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ ಅವರನ್ನು 2003ರಲ್ಲಿ 10 ದಿನ, 2010ರಲ್ಲಿ 15 ದಿನ ಇಟ್ಟು ನೋಡಿದರು. ಎರಡನೇ ಸಲ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯವೂ ಜೊತೆಗಿತ್ತು. ಏನೂ ತಿನ್ನಲಿಲ್ಲ, ಮೂತ್ರವನ್ನೂ ಮಾಡಲಿಲ್ಲ ಅಂತ ವೈದ್ಯರು ಹೇಳಿದರು. "ವಿಜ್ಞಾನಕ್ಕೇ ಸವಾಲು" ಥರದ ಸುದ್ದಿ ಊರೆಲ್ಲ ಓಡಿತು.

ಇಲ್ಲಿ ಒಂದು ಲೆಕ್ಕ ನೋಡಿ. ಹೇಳಿಕೆ ಎಪ್ಪತ್ತು ವರ್ಷದ್ದು, ನೋಡಿದ್ದು ಎರಡೂ ಸೇರಿ 25 ದಿನ. ಉಳಿದದ್ದಕ್ಕೆ ಸಾಕ್ಷಿ ಅವರ ಮಾತು, ಭಕ್ತರ ಮಾತು. ಆ 25 ದಿನವಾದರೂ ಬಿಗಿಯಾಗಿತ್ತಾ? 2010ರಲ್ಲಿ ಬಾಯಿ ಮುಕ್ಕಳಿಸಲು, ಸ್ನಾನ ಮಾಡಲು ನೀರು ಕೊಟ್ಟಿದ್ದರು. ಅವರು ಆಗಾಗ ಕ್ಯಾಮೆರಾ ಕಣ್ಣಿನಿಂದ ಆಚೆ ಹೋಗುತ್ತಿದ್ದರು, ಭಕ್ತರನ್ನು ನೋಡುತ್ತಿದ್ದರು ಅಂತ ವಿಚಾರವಾದಿ ಸನಲ್ ಇಡಮರುಕು ದೂರಿದರು. ಕದ್ದು ತಿಂದರು ಅಂತ ನಾನು ಹೇಳುತ್ತಿಲ್ಲ, ನಾನೇನು ಅಲ್ಲಿದ್ದೆನಾ? ಕ್ಯಾಮೆರಾ ಇತ್ತು ಅಂತ ಓದಿದಾಗ, ಅದು ಬಚ್ಚಲಿನತ್ತಲೂ ಇತ್ತಾ, ರಾತ್ರಿ ಮೂರು ಗಂಟೆಗೆ ಎದ್ದು ನೋಡಿದವರು ಯಾರು, ಒಳಗೆ ಬಂದವರ ಕೈಯಲ್ಲಿ ಏನಿತ್ತು ಅಂತ ಕೇಳಿಕೊಳ್ಳಿ ಅನ್ನುತ್ತಿದ್ದೇನೆ.

ಮೂರನೆಯದು ತಕ್ಕಡಿ. ವರದಿಯಲ್ಲಿ ತೂಕ ಇದೆಯಾ? ಇದನ್ನು ಮನೆಯಲ್ಲೇ ಪೆನ್ನು ಹಿಡಿದು ಲೆಕ್ಕ ಹಾಕಬಹುದು. ಸಣ್ಣ ಮೈಕಟ್ಟಿನ ಮನುಷ್ಯ ಕೂತಲ್ಲೇ ಕೂತರೂ ದಿನಕ್ಕೆ ಸುಮಾರು 1,200 ಕ್ಯಾಲೊರಿ ಉರಿಸುತ್ತಾನೆ. ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಅಂದರೆ ದಿನಕ್ಕೆ 150 ಗ್ರಾಂ ಕರಗಬೇಕು, 15 ದಿನಕ್ಕೆ ಎರಡು ಕೆಜಿಗೂ ಜಾಸ್ತಿ. ಇದು ಬರೀ ಕೊಬ್ಬಿನ ಲೆಕ್ಕ, ನೀರು, ಸ್ನಾಯು ಇಳಿಯುವುದು ಬೇರೆ. ಈ ಲೆಕ್ಕ ಸರಿಯಾ ಅಂತ ನೋಡಲು ನಿಜವಾದ ಒಂದು ಕೇಸೂ ಇದೆ. ಸ್ಕಾಟ್‌ಲೆಂಡಿನ ಆಂಗಸ್ ಬಾರ್ಬಿಯೇರಿ 1965-66ರಲ್ಲಿ ವೈದ್ಯರ ನಿಗಾದಲ್ಲಿ 382 ದಿನ ಊಟ ಮಾಡಲಿಲ್ಲ. ನೀರು, ಟೀ, ಕಾಫಿ, ವಿಟಮಿನ್ ಮಾತ್ರೆ ಅಷ್ಟೇ. 207 ಕೆಜಿ ಇದ್ದವರು 82ಕ್ಕೆ ಇಳಿದರು. ಭಾಗಿಸಿ ನೋಡಿ, ದಿನಕ್ಕೆ ಸುಮಾರು 330 ಗ್ರಾಂ. ಭಾರೀ ದೇಹ, ಭಾರೀ ಉರಿ, ಲೆಕ್ಕ ಕೂಡಿಬರುತ್ತದೆ. ಈ ಕೇಸನ್ನು ವೈದ್ಯರು 1973ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಂಕಿಅಂಶ ಸಮೇತ ಬರೆದರು. ಊಟ ಬಿಟ್ಟವರ ತೂಕ ಹೀಗೆ ಇಳಿಯಲೇಬೇಕು. ಇಳಿಯಲೇ ಇಲ್ಲ ಅಂದರೆ ಹೆಚ್ಚು ಅನುಮಾನ ಪಡಬೇಕು. ನಮ್ಮ ಸುದ್ದಿಗಳಲ್ಲಿ ಮಾತ್ರ ಅದನ್ನೇ ಪವಾಡಕ್ಕೆ ಸಾಕ್ಷಿ ಅಂತ ಬರೆಯುತ್ತಾರೆ!

"ವೈದ್ಯರಿಗೇ ಅಚ್ಚರಿ" ಅಂತ ಇದ್ದರೆ ಯಾವ ವೈದ್ಯರು, ಎಲ್ಲಿ ಬರೆದರು ಅಂತ ನೋಡಿ. ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದಕ್ಕೂ ಬೇರೆ ತಜ್ಞರು ತಿದ್ದಿ ಪ್ರಶ್ನಿಸಿದ ಮೇಲೆ ಅಚ್ಚಾದದ್ದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಬಿಗಿಯಾಗಿ ಕಾದು ನೋಡಿದಾಗ ಏನಾಯಿತು ಅಂತಲೂ ಹುಡುಕಿ. ಗಾಳಿ, ಬೆಳಕಿನಿಂದಲೇ ಬದುಕುತ್ತೇನೆ ಎನ್ನುತ್ತಿದ್ದ ಆಸ್ಟ್ರೇಲಿಯಾದ ಜಸ್ಮುಹೀನ್ ಅವರನ್ನು 1999ರಲ್ಲಿ ಟಿವಿಯವರು ಕಾವಲಿಟ್ಟು ನೋಡಿದರು. ನಾಲ್ಕೇ ದಿನಕ್ಕೆ ಮೈಯ ನೀರು ಇಂಗಿತು, ಮಾತು ನಿಧಾನವಾಯಿತು, ವೈದ್ಯರ ಸಲಹೆಯಂತೆ ನಿಲ್ಲಿಸಿದರು. ವೇಲ್ಸ್‌ನ ಸಾರಾ ಜೇಕಬ್ ಕಥೆ ಓದಿದರೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದಿಂದ ಏನೂ ತಿಂದಿಲ್ಲ ಅಂತ ಪತ್ರಿಕೆಗಳಲ್ಲಿ ಹೆಸರಾದ ಹುಡುಗಿ. ನೋಡಲು ಬಂದವರು ದುಡ್ಡು, ಉಡುಗೊರೆ ಇಟ್ಟು ಹೋಗುತ್ತಿದ್ದರು. 1869ರ ಡಿಸೆಂಬರಿನಲ್ಲಿ ಲಂಡನ್ನಿನ ನರ್ಸುಗಳು ಹಗಲು ರಾತ್ರಿ ಕಾವಲು ಕೂತರು. ಅವಳು ದಿನದಿಂದ ದಿನಕ್ಕೆ ಸೊರಗಿದರೂ ಅಪ್ಪ ಅಮ್ಮ ಕಾವಲು ನಿಲ್ಲಿಸಲು ಒಪ್ಪಲಿಲ್ಲ. 17ರಂದು ಸತ್ತಳು, 12 ವರ್ಷ. ಆಮೇಲೆ ಅಪ್ಪ ಅಮ್ಮ ಇಬ್ಬರಿಗೂ ಜೈಲಾಯಿತು. ಅದಕ್ಕೇ ಉಪವಾಸದ ಸುದ್ದಿಯಲ್ಲಿ ಮಗು ಇದ್ದರೆ ನಿಜವಾ ಸುಳ್ಳಾ ಅನ್ನೋದನ್ನು ಆಮೇಲೆ ನೋಡಿ, ಮೊದಲು ಆ ಮಗುವಿಗೆ ಈಗ ಯಾರಾದರೂ ಊಟ ಕೊಡುತ್ತಿದ್ದಾರಾ ಅಂತ ಹುಡುಕಿ.

ಪ್ರಹ್ಲಾದ್ ಜಾನಿ 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಫೋಟೋ ಮಾತ್ರ ಇನ್ನೂ ನಮ್ಮ ಫ್ಯಾಮಿಲಿ ಗ್ರೂಪಿಗೆ ಬರುತ್ತಲೇ ಇರುತ್ತದೆ. ಹೋದ ಸಲ ಚಿಕ್ಕಪ್ಪ ಕಳಿಸಿದಾಗ "ತೂಕ ಎಷ್ಟು ಇಳೀತಂತೆ ಚಿಕ್ಕಪ್ಪ?" ಅಂತ ಕೇಳಿದೆ. ಹದಿನೈದು ನಿಮಿಷ ಟೈಪಿಂಗ್ ಅಂತ ತೋರಿಸಿತು. ಕೊನೆಗೆ ಕೈಮುಗಿದ ಇಮೋಜಿ ಬಂತು.